ವಿಂಡ್ಸರ್ ಕೋಟೆಯಲ್ಲಿ ನಮ್ಮ ಹುಲಿ: ಅಪ್ಪ ಅಮ್ಮನನ್ನು ಕರೆದುಕೊಂಡು ಹೋದ ಅನುಭವ

ನಮ್ಮೂರು ಶ್ರೀರಂಗಪಟ್ಟಣಕ್ಕೆ ಹತ್ತಿರ. ಶಾಲೆಯಿಂದ ಪ್ರವಾಸ ಎಂದರೆ ಅಲ್ಲಿಗೇ. ದರಿಯಾ ದೌಲತ್, ಗುಂಬಜ್, ಟಿಪ್ಪು ಬಿದ್ದ ಜಾಗ, ಕೊನೆಗೆ ರಂಗನಾಥಸ್ವಾಮಿ ದೇವಸ್ಥಾನ. ದೇವಸ್ಥಾನದ ಹತ್ತಿರವೇ ಟಿಪ್ಪುವಿನ ಅರಮನೆ ಇತ್ತಂತೆ, ಈಗ ತಳಪಾಯವಷ್ಟೇ ಉಳಿದಿದೆ. ಆರನೇ ಕ್ಲಾಸಿನಲ್ಲಿದ್ದಾಗ ಅಲ್ಲಿ ನಿಂತು ಕೇಳಿದ್ದೆ, "ಸಿಂಹಾಸನ ಎಲ್ಲಿದೆ ಸಾರ್?" ಮೇಷ್ಟ್ರು, "ಇಂಗ್ಲಿಷಿನವರು ಒಡೆದು ಹಂಚಿಕೊಂಡರು ಕಣೋ" ಅಂದರು. ಆ ಮಾತು ಮನಸ್ಸಿನಲ್ಲೇ ಉಳಿದುಬಿಟ್ಟಿತ್ತು.

ಕೆಲಸದ ಮೇಲೆ ಲಂಡನ್ನಿಗೆ ಬಂದ ಮೇಲೆ ಗೊತ್ತಾಯಿತು, ಆ ಸಿಂಹಾಸನದ ಚಿನ್ನದ ಹುಲಿಮುಖ ಇಲ್ಲಿಂದ ಒಂದು ಗಂಟೆ ದೂರದ ವಿಂಡ್ಸರ್ ಕೋಟೆಯಲ್ಲಿದೆ ಎಂದು. ಬಹಳ ಜನ ಇದನ್ನು 'ಟಿಪ್ಪೂಸ್ ಟೈಗರ್' ಜೊತೆ ಬೆರೆಸಿಬಿಡುತ್ತಾರೆ. ಅದು ಸಿಪಾಯಿಯ ಮೇಲೆ ಎರಗಿರುವ, ಹಿಡಿಕೆ ತಿರುಗಿಸಿದರೆ ಘರ್ಜಿಸುವ ಮರದ ಹುಲಿ. ಅದಿರುವುದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ. ನಾನು ಹೇಳುತ್ತಿರುವುದು ಸಿಂಹಾಸನದ ಹುಲಿಯನ್ನು. ಅಪ್ಪ ಅಮ್ಮ ಬಂದಾಗ ಅವರಿಗೆ ಇದನ್ನು ತೋರಿಸಲೇಬೇಕು ಎಂದು ನಿಶ್ಚಯಿಸಿದೆ.

ಮೊದಲು ನಾನೊಬ್ಬನೇ ಹೋಗಿ ನೋಡಿ ಬಂದೆ. ಒಂದು ಭಾನುವಾರ ಹೊರಟೆ. ಅರಮನೆಯ ಕೋಣೆಗಳೇನೋ ತೆರೆದಿದ್ದವು, ಆದರೆ ಒಳಗಿರುವ ಸೇಂಟ್ ಜಾರ್ಜ್ ಚಾಪೆಲ್‌ಗೆ ಭಾನುವಾರ ಪ್ರವಾಸಿಗರನ್ನು ಬಿಡುವುದಿಲ್ಲ, ಪ್ರಾರ್ಥನೆಗೆ ಬರುವವರಿಗೆ ಮಾತ್ರ. ಅರ್ಧ ಕೋಟೆ ನೋಡಿದಂತಾಯಿತು ಎಂದು ಬೇಜಾರಾಯಿತು. ಆದರೆ ಆ ಭಾನುವಾರದಿಂದ ಒಂದು ಉಪಕಾರವಾಯಿತು. ಕೋಟೆಯನ್ನು ನೋಡಿಕೊಳ್ಳುವ ರಾಯಲ್ ಕಲೆಕ್ಷನ್ ಟ್ರಸ್ಟ್‌ನಿಂದಲೇ ನೇರವಾಗಿ ಟಿಕೆಟ್ ಕೊಂಡಿದ್ದರೆ ಅದನ್ನು ಒಂದು ವರ್ಷದ ಪಾಸ್ ಆಗಿ ಮಾಡಿಸಿಕೊಳ್ಳಬಹುದು ಎಂದು ಅಲ್ಲಿನ ಸಿಬ್ಬಂದಿ ಹೇಳಿದರು. ಹೊರಬರುವ ಮುಂಚೆ ಮಾಡಿಸಿಕೊಂಡೆ. ಎರಡನೇ ಸಲ ನನಗೆ ಖರ್ಚೇ ಬರಲಿಲ್ಲ. ಒಬ್ಬರಿಗೆ ಸುಮಾರು 30 ಪೌಂಡ್ ಆಗುವ ಕಡೆ ಇದು ಸಣ್ಣ ಉಳಿತಾಯವಲ್ಲ. ಬೇರೆ ಏಜೆಂಟರ ಹತ್ತಿರ ಕೊಂಡ ಟಿಕೆಟ್‌ಗೆ ಈ ಸೌಲಭ್ಯ ಸಿಗುವುದಿಲ್ಲ.

ಅಪ್ಪ ಅಮ್ಮನ ಜೊತೆ ಹೋಗುವ ದಿನವನ್ನು ಕ್ಯಾಲೆಂಡರ್ ಮುಂದಿಟ್ಟುಕೊಂಡೇ ಆರಿಸಿದೆ. ಮಂಗಳವಾರ, ಬುಧವಾರ ಕೋಟೆಗೆ ಸಾಮಾನ್ಯವಾಗಿ ರಜೆ. ಭಾನುವಾರ ಚಾಪೆಲ್ ಇಲ್ಲ. ಶನಿವಾರ ಜನಜಾತ್ರೆ. ಉಳಿದದ್ದು ಸೋಮವಾರ, ಗುರುವಾರ, ಶುಕ್ರವಾರ. ಕಾವಲು ಬದಲಾಯಿಸುವ ಮೆರವಣಿಗೆ ಗುರುವಾರ ಹನ್ನೊಂದಕ್ಕೆ ಇರುತ್ತದೆ ಎಂದು ತಿಳಿದು ಗುರುವಾರವನ್ನೇ ಗಟ್ಟಿ ಮಾಡಿದೆ. ಆದರೂ ಹಿಂದಿನ ರಾತ್ರಿ ಇನ್ನೊಂದು ಸಲ ನೋಡಿಕೊಂಡೆ. ಇದು ಹಾಳು ಕೋಟೆಯಲ್ಲ, ರಾಜಮನೆತನ ಇವತ್ತಿಗೂ ಬಳಸುವ ಮನೆ. ವಿದೇಶಿ ಅತಿಥಿಗಳು ಬಂದರೆ, ಜೂನಿನಲ್ಲಿ ಗಾರ್ಟರ್ ಎಂಬ ರಾಜಗೌರವ ಪಡೆದ ಸರದಾರರ ಸಮಾರಂಭ ನಡೆದರೆ, ಇಡೀ ಕೋಟೆಯೋ ಕೆಲವು ಕೋಣೆಗಳೋ ಮುಚ್ಚಿರುತ್ತವೆ.

ರೈಲಿಗೆ ಎರಡು ದಾರಿ ಇವೆ. ಪ್ಯಾಡಿಂಗ್ಟನ್‌ನಿಂದ ಹೋದರೆ ಸ್ಲೌನಲ್ಲಿ ಇಳಿದು ಪುಟ್ಟ ರೈಲು ಹತ್ತಬೇಕು, ಆರೇ ನಿಮಿಷಕ್ಕೆ ಕೋಟೆಯ ಮುಂದೆಯೇ ಇಳಿಸುತ್ತದೆ. ವಾಟರ್‌ಲೂನಿಂದ ಹೋದರೆ ಬದಲಾಯಿಸುವ ತಾಪತ್ರಯವಿಲ್ಲ, ಆದರೆ ಹೆಚ್ಚುಕಡಿಮೆ ಒಂದು ಗಂಟೆ ಕೂರಬೇಕು. ಅಪ್ಪನಿಗೆ ಮಂಡಿ ನೋವು, ಮೆಟ್ಟಿಲು ಹತ್ತಿ ಇಳಿದು ಪ್ಲಾಟ್‌ಫಾರ್ಮ್ ಬದಲಿಸುವುದು ಬೇಡ ಎಂದು ವಾಟರ್‌ಲೂ ಹಿಡಿದೆವು. ಅಮ್ಮನಿಗಂತೂ ಕಿಟಕಿ ಪಕ್ಕದ ಒಂದು ಗಂಟೆಯೇ ಅರ್ಧ ಪ್ರವಾಸ.

ತಯಾರಿಯಲ್ಲಿ ನಾನು ಹೆಚ್ಚು ಹೊತ್ತು ಕೊಟ್ಟದ್ದು ಒಂದು ನೋಟ್‌ಬುಕ್‌ಗೆ. ಒಳಗೆ ಕೊಡುವ ಆಡಿಯೋ ಗೈಡ್ ಚೆನ್ನಾಗಿದೆ, ಟಿಕೆಟ್ಟಿನಲ್ಲೇ ಸೇರಿದೆ. ಆದರೆ ಅದರಲ್ಲಿ ಕನ್ನಡವಿಲ್ಲ. ಅಮ್ಮನಿಗೆ ಇಂಗ್ಲಿಷ್ ಅಷ್ಟಾಗಿ ಬಾರದು. ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಸುಮ್ಮನೆ ಹಿಂದೆ ಹಿಂದೆ ನಡೆಯುವ ಹಾಗೆ ಆಗಬಾರದಿತ್ತು. ಹಾಗಾಗಿ ಒಂದೊಂದು ಕೋಣೆಗೆ ನಾಲ್ಕೈದು ಸಾಲು ಕನ್ನಡದಲ್ಲಿ ಬರೆದಿಟ್ಟುಕೊಂಡೆ. ಸುಮಾರು 1070ರಲ್ಲಿ ವಿಲಿಯಂ ದೊರೆ ಮಣ್ಣಿನ ದಿಬ್ಬ ಎಬ್ಬಿಸಿ ಕೋಟೆ ಶುರು ಮಾಡಿದ್ದು, ಅದರ ಮೇಲೆ ಆಮೇಲೆ ಕಲ್ಲಿನ ದುಂಡು ಗೋಪುರ ಬಂದದ್ದು, 1992ರ ನವೆಂಬರ್ 20ರಂದು ಬೆಂಕಿ ಬಿದ್ದು ನೂರಕ್ಕೂ ಹೆಚ್ಚು ಕೋಣೆಗಳು ಹಾಳಾದದ್ದು, ಐದೇ ವರ್ಷದಲ್ಲಿ ಮತ್ತೆ ಕಟ್ಟಿದ್ದು. ಬೆಂಕಿ ಬಿದ್ದ ಕಥೆಯನ್ನು ಅಮ್ಮ ರೈಲಿನಲ್ಲೇ ಎರಡು ಸಲ ಹೇಳಿಸಿಕೊಂಡಳು. ವಿದ್ಯುತ್ ದೀಪದ ಬಿಸಿಗೆ ಪರದೆ ಹೊತ್ತಿಕೊಂಡಿತಂತೆ ಎಂದಾಗ, "ಅರಮನೆಯಲ್ಲೂ ಹಿಂಗೇ ಆಗತ್ತಾ!" ಅಂದಳು.

ಬಾಗಿಲಲ್ಲಿ ವಿಮಾನ ನಿಲ್ದಾಣದ ಹಾಗೆಯೇ ತಪಾಸಣೆ. ದೊಡ್ಡ ಬ್ಯಾಗು ತರಲೇಬೇಡಿ. ಅಲ್ಲಿಂದ ಮುಂದೆ ಏರುದಾರಿ, ವಯಸ್ಸಾದವರಿದ್ದರೆ ನಿಧಾನಕ್ಕೆ ನಡೆಯಬೇಕು. ದುಂಡು ಗೋಪುರದ ಸುತ್ತ ಒಂದು ಕಾಲದಲ್ಲಿ ಕಂದಕವಿತ್ತು, ಈಗ ಅದೇ ಹೂದೋಟ. ಗೋಡೆಗೆ ಒರಗಿ ಅದನ್ನು ನೋಡುತ್ತಾ ಅಪ್ಪ ಸುಧಾರಿಸಿಕೊಂಡರು. ಗೋಪುರದ ಮೇಲೆ ಯೂನಿಯನ್ ಜಾಕ್ ಹಾರುತ್ತಿತ್ತು. ದೊರೆ ಮನೆಯಲ್ಲಿದ್ದರೆ ಬೇರೆ ಬಾವುಟ ಹಾರುತ್ತದೆ. "ಹಂಗಾದ್ರೆ ಯಜಮಾನರು ಊರಲ್ಲಿಲ್ಲ" ಅಂದರು ಅಪ್ಪ.

ಹೆಚ್ಚಿನವರು ಮೊದಲು ರಾಣಿ ಮೇರಿಯ ಬೊಂಬೆಮನೆಗೆ ಸಾಲು ನಿಲ್ಲುತ್ತಾರೆ. ನಮ್ಮ ದೆಹಲಿಯ ರಾಷ್ಟ್ರಪತಿ ಭವನ ಕಟ್ಟಿದ ಲಟ್ಯನ್ಸ್ ಅವರದೇ ವಿನ್ಯಾಸ, ನಿಜವಾದ ಮನೆಯ ಹನ್ನೆರಡರಲ್ಲಿ ಒಂದು ಅಳತೆ, ನಲ್ಲಿಯಲ್ಲಿ ನೀರೂ ಬರುವಂಥದ್ದು. ಚೆನ್ನಾಗಿದೆ, ನೋಡಬೇಕಾದದ್ದೇ. ಆದರೆ ಕಾಲಿನಲ್ಲಿ ಶಕ್ತಿ ಇರುವಾಗ ಅದನ್ನು ಸಾಲಿನಲ್ಲಿ ಕಳೆಯುವುದು ಬೇಡವೆಂದು ಅದನ್ನು ಆಮೇಲಕ್ಕೆ ಇಟ್ಟುಕೊಂಡು, ಅವರನ್ನು ನೇರವಾಗಿ ದೊಡ್ಡ ಮೆಟ್ಟಿಲಿನ ಕಡೆಗೆ ಕರೆದೊಯ್ದೆ.

ಮೆಟ್ಟಿಲು ಮುಗಿದರೆ ಗ್ರ್ಯಾಂಡ್ ವೆಸ್ಟಿಬ್ಯೂಲ್ ಎನ್ನುವ ಎತ್ತರದ ಹಜಾರ. ಗೋಡೆಯ ತುಂಬ ಕತ್ತಿ, ಬಂದೂಕು, ಗೆದ್ದು ತಂದ ಸಾಮಾನು. ಇಂಗ್ಲಿಷರ ನೌಕಾ ಸೇನಾಪತಿ ನೆಲ್ಸನ್‌ನನ್ನು ಕೊಂದ ಗುಂಡೂ ಅಲ್ಲೇ ಇದೆ. ಜನ ಅದರ ಮುಂದೆ ನಿಂತಿದ್ದರು. ನಮ್ಮ ಹುಲಿಯ ಮುಂದೆ ಯಾರೂ ಇರಲಿಲ್ಲ.

ಗಾಜಿನ ಹಿಂದೆ ಬಾಯಿ ತೆರೆದುಕೊಂಡು ಕೂತಿದೆ. ಮರದ ಮೇಲೆ ಚಿನ್ನದ ತಗಡು ಹೊದಿಸಿ, ಪಟ್ಟೆಗಳನ್ನು ಒಂದೊಂದಾಗಿ ಕೆತ್ತಿದ್ದಾರೆ. ಕಣ್ಣು, ಹಲ್ಲು ಎರಡೂ ಸ್ಫಟಿಕ. ಬೆಳಕು ಬಿದ್ದಾಗ ಹಲ್ಲಿನಲ್ಲಿ ನೀರಿನ ಹನಿ ನಿಂತಂತೆ ಕಾಣುತ್ತದೆ. ಎಷ್ಟು ಹತ್ತಿರ ಹೋದರೂ ಕಣ್ಣು ನಮ್ಮನ್ನೇ ನೋಡುತ್ತದೆ. ಅಮ್ಮ ಸೆರಗು ಸರಿಮಾಡಿಕೊಂಡು, ಗಾಜಿಗೆ ಮುಖ ತಾಗುವಷ್ಟು ಬಗ್ಗಿ ಬಹಳ ಹೊತ್ತು ನೋಡಿದಳು. ಆಮೇಲೆ, "ನಮ್ಮ ಕಡೆ ಅಕ್ಕಸಾಲಿಗರೇ ಮಾಡಿರಬೇಕಲ್ಲವೇನೋ ಇದನ್ನು?" ಅಂದಳು. ಆ ಪ್ರಶ್ನೆ ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ನಾನು ಓದಿದ್ದೆಲ್ಲ ಯಾರು ಒಯ್ದರು, ಯಾರಿಗೆ ಕೊಟ್ಟರು ಎಂಬುದನ್ನೇ. ಮಾಡಿದ ಕೈಗಳನ್ನು ನೆನೆದದ್ದು ಅಮ್ಮ.

ಸಿಂಹಾಸನದ ಚಪ್ಪರದ ಮೇಲಿದ್ದ ಹುಮಾ ಹಕ್ಕಿಯೂ ಅಲ್ಲೇ ಇದೆ. ಚಿನ್ನ, ಮೈತುಂಬ ಮಾಣಿಕ್ಯ, ಪಚ್ಚೆ, ವಜ್ರ, ಮುತ್ತು. ಅದರ ನೆರಳು ಬಿದ್ದವನು ರಾಜನಾಗುತ್ತಾನೆ ಎಂಬ ನಂಬಿಕೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಇಂಗ್ಲಿಷರ ಕೈಗೆ ಬಿದ್ದ ಮೇಲೆ ಲೂಟಿ ಹಂಚುವವರು ಸಿಂಹಾಸನವನ್ನು ತುಂಡು ಮಾಡಿದರು. ಹಕ್ಕಿ ಇಂಗ್ಲೆಂಡಿನ ದೊರೆ ಮೂರನೇ ಜಾರ್ಜ್‌ಗೆ ಹೋಯಿತು. ಹುಲಿಮುಖವನ್ನು ಈಸ್ಟ್ ಇಂಡಿಯಾ ಕಂಪನಿ 1831ರಲ್ಲಿ ನಾಲ್ಕನೇ ವಿಲಿಯಂಗೆ ಕೊಟ್ಟಿತು. ಇಷ್ಟನ್ನು ನೋಟ್‌ಬುಕ್ ನೋಡಿ ಓದಿದೆ. ನನ್ನ ದನಿ ಸ್ವಲ್ಪ ನಡುಗಿತು. ಮೇಷ್ಟ್ರು ಬದುಕಿದ್ದಿದ್ದರೆ ಅವತ್ತೇ ಫೋನ್ ಮಾಡುತ್ತಿದ್ದೆ.

ಪಕ್ಕದಲ್ಲೇ ವಾಟರ್‌ಲೂ ಚೇಂಬರ್. 1815ರಲ್ಲಿ ನೆಪೋಲಿಯನ್ ಸೋತದ್ದರ ನೆನಪಿಗೆ ಮಾಡಿದ ಸಭಾಂಗಣ, ಸುತ್ತ ಥಾಮಸ್ ಲಾರೆನ್ಸ್ ಬರೆದ ದೊಡ್ಡ ದೊಡ್ಡ ಚಿತ್ರಗಳು. ಅವುಗಳಲ್ಲಿ ಮುಖ್ಯವಾದದ್ದು ವೆಲಿಂಗ್ಟನ್ ಡ್ಯೂಕ್‌ನದು. ಅಪ್ಪನಿಗೆ ಹೇಳಿದೆ, "ಇವನೇ ಆರ್ಥರ್ ವೆಲ್ಲೆಸ್ಲಿ. ಪಟ್ಟಣ ಬಿದ್ದ ಮೇಲೆ ಅದರ ಆಡಳಿತ ನೋಡಿಕೊಂಡವನು, ದರಿಯಾ ದೌಲತ್‌ನಲ್ಲಿ ವಾಸವಿದ್ದವನು." ಅಪ್ಪ ಚಿತ್ರ ನೋಡಿದರು, ಹಿಂತಿರುಗಿ ಹುಲಿ ಇದ್ದ ಕಡೆ ನೋಡಿದರು. "ಗೋಡೆ ಆಚೆ ಈಚೆ ಇಟ್ಟವ್ರಲ್ಲೋ" ಅಂದರು. ಆ ಕೋಣೆಯ ಭಾರಿ ಕಂಬಳಿ ಹಾಸನ್ನು ಆಗ್ರಾ ಜೈಲಿನ ಕೈದಿಗಳು ವಿಕ್ಟೋರಿಯಾ ರಾಣಿಗಾಗಿ ನೇಯ್ದದ್ದು. ಹುಲಿಯನ್ನು ನೋಡಿದ ಕಣ್ಣಿಗೆ ಅದೂ ಬೇರೆಯಾಗಿ ಕಾಣಿಸಿತು. ಉಳಿದ ಕೋಣೆಗಳನ್ನು ಬೇಗ ಮುಗಿಸಿದೆವು. ಬೆಂಕಿಯ ನಂತರ ಹಸಿ ಓಕ್ ಮರದಿಂದ ಹೊಸದಾಗಿ ಕಟ್ಟಿದ ಸೇಂಟ್ ಜಾರ್ಜ್ ಹಾಲ್‌ನ ಮಾಡಿನ ಕೆಳಗೆ ಮಾತ್ರ ತುಸು ಹೊತ್ತು ನಿಂತೆವು.

ಊಟದ ಹೊತ್ತಿಗೆ ಹದಿನಾಲ್ಕನೇ ಶತಮಾನದ ಕಲ್ಲಿನ ಕಮಾನುಗಳ ಕೆಳಗಿರುವ ಕೆಫೆಯಲ್ಲಿ ಕೂತೆವು. ಆಮೇಲೆ ಬೊಂಬೆಮನೆ, ಆಮೇಲೆ ಚಾಪೆಲ್. ಇಲ್ಲಿ ಫೋಟೊ ತೆಗೆಯುವ ಹಾಗಿಲ್ಲ. ನಾಲ್ಕನೇ ಎಡ್ವರ್ಡ್ 1475ರಲ್ಲಿ ಶುರು ಮಾಡಿದ್ದು, ಎಂಟನೇ ಹೆನ್ರಿಯ ಕಾಲದಲ್ಲಿ ಮುಗಿಯಿತು. ಆ ಹೆನ್ರಿಯ ಸಮಾಧಿಯೂ ಇಲ್ಲೇ, ತಲೆ ಕಡಿಸಿಕೊಂಡ ಒಂದನೇ ಚಾರ್ಲ್ಸ್‌ನ ಪಕ್ಕದಲ್ಲಿ, ನೆಲದ ಒಂದು ಕಲ್ಲಿನ ಕೆಳಗೆ. ಒಂದು ಪುಟ್ಟ ಕೋಣೆಯಲ್ಲಿ ಕಪ್ಪು ಕಲ್ಲಿನ ಮೇಲೆ ಎರಡನೇ ಎಲಿಜಬೆತ್ ಹೆಸರಿದೆ, ಮೇಲೆ ತಂದೆ ತಾಯಿಯ ಹೆಸರು, ಕೆಳಗೆ ಗಂಡನ ಹೆಸರು. 1961ರಲ್ಲಿ ರಾಣಿ ಬೆಂಗಳೂರಿಗೆ ಬಂದಿದ್ದಾಗ ಅಪ್ಪ ಪುಟ್ಟ ಹುಡುಗ, ನಮ್ಮ ತಾತನ ಹೆಗಲ ಮೇಲೆ ಕೂತು ರಸ್ತೆ ಬದಿಯಿಂದ ನೋಡಿದ್ದರಂತೆ. ಆ ಕಲ್ಲಿನ ಮುಂದೆ ಅವರು ಕೈಮುಗಿದರು. ಹುಲಿಯ ಮುಂದೆ ಹೊಟ್ಟೆ ಉರಿದದ್ದೂ ನಿಜ, ಇಲ್ಲಿ ಕೈ ಮುಗಿದದ್ದೂ ನಿಜ.

ಸಂಜೆ ಐದೂ ಕಾಲಿಗೆ ಅದೇ ಚಾಪೆಲ್‌ನಲ್ಲಿ ಈವನ್‌ಸಾಂಗ್ ಎಂಬ ಹಾಡಿನ ಪ್ರಾರ್ಥನೆ ಇರುತ್ತದೆ. ಅದಕ್ಕೆ ಟಿಕೆಟ್ ಬೇಡ, ಯಾರು ಬೇಕಾದರೂ ಬಂದು ಕೂರಬಹುದು. ಇದನ್ನು ಮೊದಲೇ ಯೋಜನೆಯಲ್ಲಿ ಸೇರಿಸಿಕೊಂಡಿದ್ದೆ. ನೀವೂ ಸೇರಿಸಿಕೊಳ್ಳಿ, ವಾಪಸ್ ರೈಲಿಗೆ ಅವಸರ ಮಾಡಬೇಡಿ. ಜನರ ಗದ್ದಲವೆಲ್ಲ ಕರಗಿರುತ್ತದೆ. ಗಾರ್ಟರ್ ಸರದಾರರ ಬಾವುಟಗಳ ಕೆಳಗೆ ಮರದ ಪೀಠಗಳಲ್ಲಿ ಕೂತು, ಹುಡುಗರು ಹಾಡುವುದನ್ನು ಅಮ್ಮ ಕಣ್ಣುಮುಚ್ಚಿ ಕೇಳಿದಳು.

ಆ ಚಳಿಗಾಲದಲ್ಲಿ ಊರಿಗೆ ಹೋದಾಗ ಅಮ್ಮನೇ ಕೇಳಿದಳು, ಪಟ್ಟಣಕ್ಕೆ ಹೋಗಿ ಬರೋಣವಾ ಎಂದು. ದೇವರ ದರ್ಶನ ಮುಗಿಸಿ ಅರಮನೆಯ ತಳಪಾಯದ ಹತ್ತಿರ ಹೋದೆವು. ಹುಲ್ಲಿನ ನಡುವೆ ಒಂದು ಕಡೆ ನಿಂತು, ಪಕ್ಕದಲ್ಲಿದ್ದ ನನ್ನ ಅಕ್ಕನ ಮಗಳಿಗೆ, "ಅದರ ಹಲ್ಲು ಸ್ಫಟಿಕದ್ದು ಕಣೇ ಪುಟ್ಟಿ" ಎಂದು ಕೈಯಲ್ಲಿ ಅಳತೆ ತೋರಿಸಿ ಹೇಳತೊಡಗಿದಳು.