ರೂಮ್ ಬದಲಿಸಿದ ಯುವನಿಧಿ ಗೆಳೆಯರಿಗೆ

ಶಹಾಪುರದಿಂದ ಕಲಬುರಗಿಗೆ ಬಂದು ರೂಮ್ ಮಾಡಿದೆ. ಇಲ್ಲಿ ಬ್ಯಾಂಕಿನಲ್ಲಿ ಹೊಸ ಖಾತೆ ತೆರೆಯುವಾಗ ಆಧಾರ್ ಜೋಡಣೆಯ ಚೌಕಕ್ಕೂ ಸುಮ್ನೆ ಟಿಕ್ ಹಾಕಿದ್ದೆ. ಆ ತಿಂಗಳು ಹಳೇ ಖಾತೆಗೆ ಯುವನಿಧಿ ಹಣ, ಅಂದ್ರೆ ಓದು ಮುಗಿಸಿ ಕೆಲಸ ಸಿಗದವರಿಗೆ ರಾಜ್ಯ ಸರ್ಕಾರ ಕೊಡುವ ಭತ್ಯೆ, ಬರಲೇ ಇಲ್ಲ. ಎಷ್ಟು ಒದ್ದಾಡಿದೆ ಅಂತೀರಿ! ಕೊನೆಗೆ ಹೊಸ ಪಾಸ್‌ಬುಕ್ ಎಂಟ್ರಿ ಮಾಡಿಸಿದರೆ, ಪದವಿಯವರಿಗೆ ಕೊಡುವ ಆ 3,000 ರೂಪಾಯಿ ಅಲ್ಲಿ ಕೂತಿತ್ತು. ಡಿಬಿಟಿ ಹಣ, ಅಂದ್ರೆ ಸರ್ಕಾರ ನೇರವಾಗಿ ನಮ್ಮ ಖಾತೆಗೆ ಹಾಕುವ ಹಣ, ಹೋಗುವುದು ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಖಾತೆಗೆ. ಊರು ಬದಲಿಸಿದವರು ಮೊದಲು ಇದನ್ನು ನೋಡಿಕೊಳ್ಳಿ.

ಆಧಾರ್ ಕಾರ್ಡಿನ ವಿಳಾಸವನ್ನು ಮೈಆಧಾರ್ ತಾಣದಲ್ಲಿ ನಾವೇ ಬದಲಿಸಬಹುದು. ಬಾಡಿಗೆ ಕರಾರು ಪತ್ರ ನಡೆಯುತ್ತದೆ, ಅದರಲ್ಲಿ ನಿಮ್ಮ ಹೆಸರು ಆಧಾರ್‌ನಲ್ಲಿ ಇದ್ದಂತೆಯೇ ಇರಲಿ. ಮಾಲೀಕರು ಕರಾರಿಗೆ ಸತಾಯಿಸುತ್ತಾರೆ, ಅಲ್ವಾ? ಅಡ್ವಾನ್ಸ್ ಕೊಡುವ ದಿನವೇ ಸಹಿ ಹಾಕಿಸಿಕೊಳ್ಳಿ. ಒಟಿಪಿ ಬರುವ ಹಳೇ ಸಿಮ್ಮನ್ನೂ ಬಿಸಾಡಬೇಡಿ.