ಹಾಸನದ ಮೃದಂಗ, ಚಿಕ್ಕಮಗಳೂರಿನ ಕೊಳಲು, ನಡುವೆ ನೆಟ್

ನಾನು ಹಾಸನದಲ್ಲಿ ಮೃದಂಗ ನುಡಿಸುವವನು. ಕೊಳಲಿನ ಗೆಳೆಯ ಚಿಕ್ಕಮಗಳೂರಿನಲ್ಲಿದ್ದಾನೆ. ಹಾಡುವ ಅಕ್ಕ ಬೆಂಗಳೂರಿನಲ್ಲಿ. ಮೂವರೂ ಅವರವರ ಮನೆಯಲ್ಲೇ ಕೂತು ಒಟ್ಟಿಗೆ ಅಭ್ಯಾಸ ಮಾಡುತ್ತೇವೆ ಅಂದರೆ ಜನ ನಂಬುವುದಿಲ್ಲ. 'ಜೂಮ್‌ನಲ್ಲಿ ತಾಳವೇ ಕೂಡಲ್ಲವಲ್ಲ' ಅನ್ನುತ್ತಾರೆ. ನಿಜ, ಜೂಮ್‌ನಲ್ಲಿ ಕೂಡುವುದಿಲ್ಲ. ಅದು ಮಾತಿಗೆ ಮಾಡಿದ್ದು. ಒಂದೇ ಸಮ ಕೇಳುವ ಸದ್ದನ್ನು ಗದ್ದಲ ಅಂದುಕೊಂಡು ಅಳಿಸಿಹಾಕುತ್ತದೆ. ಪಾಪ, ಅದಕ್ಕೆ ತಂಬೂರಿಯೂ ಫ್ಯಾನೂ ಒಂದೇ. ಸಂಗೀತದವರಿಗೆಂದೇ ಅದರಲ್ಲಿ ಬೇರೆ ಸೆಟ್ಟಿಂಗ್ ಇದೆ. ಅದನ್ನು ಹಾಕಿದರೆ ಶ್ರುತಿ ಉಳಿಯುತ್ತದೆ, ಆದರೆ ಸದ್ದು ತಡವಾಗಿ ಬರುವುದು ತಪ್ಪುವುದಿಲ್ಲ.

ನಾವು ಬಳಸುವುದು ಜಾಮ್ಯುಲಸ್, ನೆಟ್‌ನಲ್ಲಿ ಒಟ್ಟಿಗೆ ನುಡಿಸುವುದಕ್ಕೆಂದೇ ಮಾಡಿದ ತಂತ್ರಾಂಶ. ದುಡ್ಡು ಕೊಡಬೇಕಿಲ್ಲ, ವಿಂಡೋಸ್, ಮ್ಯಾಕ್, ಲಿನಕ್ಸ್ ಎಲ್ಲದರಲ್ಲೂ ನಡೆಯುತ್ತದೆ. ಎಲ್ಲರ ಸದ್ದೂ ಒಂದು ಸರ್ವರ್‌ಗೆ ಹೋಗಿ, ಅಲ್ಲಿ ಬೆರೆತು, ವಾಪಸ್ ಬರುತ್ತದೆ. ಚಿತ್ರ ಇಲ್ಲ, ಬರೀ ಸದ್ದು. ಯಾರ ದನಿ ಎಷ್ಟು ಜೋರಾಗಿ ಬೇಕು ಅಂತ ಪ್ರತಿಯೊಬ್ಬರೂ ತಮ್ಮ ಪರದೆಯಲ್ಲೇ ಹೊಂದಿಸಿಕೊಳ್ಳಬಹುದು.

ತಡ ಎಷ್ಟಿದ್ದರೆ ನಡೆಯುತ್ತದೆ? ಗಾಳಿಯಲ್ಲಿ ಸದ್ದು ಒಂದು ಮಿಲಿಸೆಕೆಂಡಿಗೆ, ಅಂದರೆ ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ, ಸುಮಾರು 34 ಸೆಂಟಿಮೀಟರ್ ಹೋಗುತ್ತದೆ. ಅಂದರೆ 30 ಮಿಲಿಸೆಕೆಂಡ್ ತಡ ಅಂದರೆ 10 ಮೀಟರ್ ದೂರ ಕೂತು ನುಡಿಸಿದ ಹಾಗೆ. ದೊಡ್ಡ ವೇದಿಕೆಯಲ್ಲಿ ಅಷ್ಟು ದೂರ ಕೂತರೂ ಹೇಗೋ ಸಂಭಾಳಿಸಬಹುದು. ಅದಕ್ಕಿಂತ ಜಾಸ್ತಿಯಾದರೆ ಕಷ್ಟ. ನಮ್ಮ ಲೆಕ್ಕವನ್ನೇ ನೋಡಿ. ಆದಿತಾಳದಲ್ಲಿ ನಿಮಿಷಕ್ಕೆ 80 ಅಕ್ಷರ, ಅಂದರೆ ತಾಳದ 80 ಎಣಿಕೆ, ಇಟ್ಟುಕೊಂಡರೆ ಒಂದು ಅಕ್ಷರಕ್ಕೆ 750 ಮಿಲಿಸೆಕೆಂಡ್. ಅಕ್ಷರಕ್ಕೆ ನಾಲ್ಕು ಪೆಟ್ಟು ಬರುವ ಚತುರಶ್ರ ನಡೆಯಲ್ಲಿ ಒಂದೊಂದು ಪೆಟ್ಟಿನ ನಡುವೆ ಸುಮಾರು 187. ಅದನ್ನೇ ದುಪ್ಪಟ್ಟು ವೇಗ ಮಾಡಿದರೆ 94. ಅಲ್ಲಿ 30 ತಡವಾದರೆ ಪೆಟ್ಟಿನ ಮೂರನೇ ಒಂದು ಭಾಗ ಹೋಯಿತು. ಹಾಗಾಗಿ ಸರ್ವಲಘು, ಅಂದರೆ ತಾಳದ ಜೊತೆ ನೇರವಾಗಿ ಸಾಗುವ ಸರಳ ನುಡಿಕೆ, ಚೆನ್ನಾಗಿ ಕೂರುತ್ತದೆ. ಮೂರು ಸಲ ನುಡಿಸಿ ಮುಗಿಸುವ ವೇಗದ ಮೋರಾದಲ್ಲಿ ಎಲ್ಲರೂ ಒಟ್ಟಿಗೆ ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬೀಳುವುದು ಅದೃಷ್ಟದ ಮಾತು.

ಆ 30ಕ್ಕೆ ಇಳಿಸುವುದಕ್ಕೆ ದೊಡ್ಡ ಖರ್ಚೇನೂ ಬೇಡ. ವೈಫೈ ಬಿಟ್ಟು ರೂಟರ್‌ನಿಂದ ನೇರ ಲ್ಯಾನ್ ಕೇಬಲ್ ಎಳೆಯಿರಿ. ಬ್ಲೂಟೂತ್ ಹೆಡ್‌ಫೋನ್ ಬೇಡವೇ ಬೇಡ, ನೂರಕ್ಕೂ ಹೆಚ್ಚು ಮಿಲಿಸೆಕೆಂಡ್ ಅದೇ ತಿಂದುಬಿಡುತ್ತದೆ. ಮೈಕಿಗೆ ಒಂದು ಯುಎಸ್‌ಬಿ ಆಡಿಯೋ ಇಂಟರ್‌ಫೇಸ್, ವಿಂಡೋಸ್ ಆದರೆ ತಡ ಕಡಿಮೆ ಮಾಡುವ ಅದರ ಆಸಿಯೋ (ASIO) ಡ್ರೈವರ್. ಸದ್ದನ್ನು ಒಂದು ಸಲಕ್ಕೆ ಎಷ್ಟು ಕೂಡಿಟ್ಟು ಕಳಿಸಬೇಕು ಅನ್ನುವ ಬಫರ್ ಅನ್ನು 128 ಸ್ಯಾಂಪಲ್‌ಗೆ ಇಡಿ. ಇಷ್ಟೇ.

ಸರ್ವರ್ ಎಲ್ಲಿರಬೇಕು ಅನ್ನುವುದು ಇನ್ನೊಂದು ವಿಷಯ. ಹಾಸನಕ್ಕೂ ಚಿಕ್ಕಮಗಳೂರಿಗೂ ರಸ್ತೆಯಲ್ಲಿ 60 ಕಿಲೋಮೀಟರ್ ಆಸುಪಾಸು. ಆದರೆ ನೆಟ್ ಬೇಲೂರಿನ ಮೇಲೆ ಹೋಗುವುದಿಲ್ಲ! ನಮ್ಮಿಬ್ಬರ ನೆಟ್ ಕಂಪನಿ ಬೇರೆ ಬೇರೆ, ಹಾಗಾಗಿ ಬೆಂಗಳೂರು ಸುತ್ತಿಕೊಂಡೇ ಬರುತ್ತದೆ. ಹೇಗೂ ಅಲ್ಲಿಗೆ ಹೋಗಲೇಬೇಕಲ್ಲ ಅಂತ ಬೆಂಗಳೂರಿನಲ್ಲೇ ಒಂದು ಸಣ್ಣ ಕ್ಲೌಡ್ ಸರ್ವರ್ ಬಾಡಿಗೆಗೆ ಹಿಡಿದೆವು. ಯಾವುದೋ ದೇಶದ ಪುಕ್ಕಟೆ ಸರ್ವರ್‌ಗಿಂತ ಇದು ಎಷ್ಟೋ ಮೇಲು.

ಇಷ್ಟೆಲ್ಲ ಮಾಡಿದ ಮೇಲೂ ಮೊದಮೊದಲು ಪಲ್ಲವಿ ಮುಗಿಯುವಷ್ಟರಲ್ಲಿ ಕಾಲಪ್ರಮಾಣ, ಅಂದರೆ ಹಾಡಿನ ವೇಗ, ಇಳಿದಿರುತ್ತಿತ್ತು. ಯಾಕೆ ಅಂದರೆ, ಅಕ್ಕನ ದನಿ ನನಗೆ 30 ತಡವಾಗಿ ಬರುತ್ತದೆ. ಆ ದನಿಗೆ ಸರಿಯಾಗಿ ನಾನು ಬಾರಿಸುತ್ತೇನೆ. ಅದು ಅಕ್ಕನಿಗೆ ಮುಟ್ಟುವುದು ಇನ್ನೂ 30 ಬಿಟ್ಟು. ಒಟ್ಟು 60. 'ಮೃದಂಗ ಎಳೆಯುತ್ತಿದೆ' ಅಂತ ಅಕ್ಕ ನನಗಾಗಿ ಚೂರು ನಿಧಾನಿಸುತ್ತಾರೆ. ಅಕ್ಕ ನಿಧಾನಿಸಿದರು ಅಂತ ನಾನೂ ನಿಧಾನ. ಇಬ್ಬರದೂ ಒಳ್ಳೆಯ ಬುದ್ಧಿಯೇ, ಹಾಳಾಗುವುದು ಮಾತ್ರ ಲಯ.

ಪಕ್ಕವಾದ್ಯ ಗಾಯಕರ ಹಿಂದೆ ಹೋಗಬೇಕು ಅಂತಲೇ ನಾವೆಲ್ಲ ಕಲಿತದ್ದು. ಇಲ್ಲಿ ಅದನ್ನು ತಿರುಗಿಸಬೇಕು. ಹಾಡು ಶುರು ಮಾಡುವ ಎತ್ತುಗಡೆ ಅಕ್ಕನದು, ಆಮೇಲೆ ಕಾಲ ಹಿಡಿಯುವುದು ನಾನು. ನಾನು ಯಾರಿಗೂ ಕಾಯುವುದಿಲ್ಲ, ಅವರಿಬ್ಬರೂ ಮೃದಂಗಕ್ಕೆ ಸೇರಿಕೊಳ್ಳುತ್ತಾರೆ. ಜೊತೆಗೆ ತನ್ನ ಸದ್ದನ್ನೂ ನೇರವಾಗಿ ಕೇಳದೆ, ಸರ್ವರ್‌ನಿಂದ ಬೆರೆತು ಬಂದದ್ದನ್ನೇ ಹೆಡ್‌ಫೋನಿನಲ್ಲಿ ಕೇಳಬೇಕು. ಜಾಮ್ಯುಲಸ್ ಮಾಡಿದವರು ಹೇಳುವುದೂ ಇದನ್ನೇ. ಮೃದಂಗ ತೊಡೆಯ ಮೇಲೇ ಇರುವಾಗ ಅದು ಸುಲಭವಲ್ಲ. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಹಾಕಿದರೂ ಮೃದಂಗದ ಎಡ ಮುಖದ ಸದ್ದು ಮೈಗೆ ಮುಟ್ಟುತ್ತದೆ. ಹಾಗಾಗಿ ನಾನು ಕೈಯನ್ನು ನಂಬುತ್ತೇನೆ, ಹಾಡಿಗೆ ಅರ್ಧ ಕಿವಿ ಕೊಡುತ್ತೇನೆ. ಇದು ಎದುರು ಕೂತು ನುಡಿಸುವುದಕ್ಕೆ ಸಮ ಅಂತ ನಾನಂತೂ ಹೇಳಲಾರೆ.

ಶ್ರುತಿಯದು ತಲೆನೋವಿಲ್ಲ. ತಡವಾದರೂ ಶ್ರುತಿ ಕೆಡುವುದಿಲ್ಲವಲ್ಲ! ಆದರೆ ಮೂರು ಮನೆಯಲ್ಲೂ ಶ್ರುತಿಪೆಟ್ಟಿಗೆ ಹಾಕಿದರೆ ಕಲಸುಮೇಲೋಗರ. ಅಕ್ಕನ ಮನೆಯದು ಒಂದೇ ಸಾಕು.

ಮುಖ ಕಾಣದಿರುವುದೇ ದೊಡ್ಡ ಕೊರತೆ. ರುದ್ರಪಟ್ಟಣ ನಮ್ಮ ಜಿಲ್ಲೆಯದೇ, ಗಾಯಕ ಆರ್.ಕೆ. ಶ್ರೀಕಂಠನ್ ಹುಟ್ಟಿದ ಊರು. ಅಲ್ಲಿನ ಸಂಗೀತೋತ್ಸವದಲ್ಲಿ ಮುಂದೆ ಕೂತು ನೋಡಿ, ಅರ್ಧ ಕಛೇರಿ ಕಣ್ಣಲ್ಲೇ ನಡೆಯುತ್ತದೆ. ನಮಗೆ ಆ ಕಣ್ಣಿಲ್ಲ. ಒಂದೇ ಸಾಲನ್ನು ಬಗೆಬಗೆಯಾಗಿ ಹಾಡುವ ನೆರವಲ್ ಮುಗಿಯುವ ಹೊತ್ತಿಗೆ ಅಕ್ಕ 'ಹೂಂ, ಸ್ವರ' ಅಂತ ಬಾಯಲ್ಲೇ ಹೇಳುತ್ತಾರೆ. ತಾಳವನ್ನೂ ಮೈಕಿಗೆ ಕೇಳುವ ಹಾಗೆ ತೊಡೆ ತಟ್ಟಿ ಹಾಕುತ್ತಾರೆ.

ಮಳೆಗಾಲದಲ್ಲಿ ಚಿಕ್ಕಮಗಳೂರಿನ ಕಡೆ ಕರೆಂಟನ್ನು ನಂಬುವ ಹಾಗಿಲ್ಲ. ಗೆಳೆಯ ರೂಟರ್‌ಗೆ ಒಂದು ಪುಟ್ಟ ಯುಪಿಎಸ್ ಇಟ್ಟಿದ್ದಾನೆ. ಮರ ಬಿದ್ದು ಕೇಬಲ್ಲೇ ಹರಿದರೆ ಮಾತ್ರ 'ಇವತ್ತಿಗೆ ಬಿಡು ಮಾರಾಯ' ಅಂತ ಫೋನು ಬರುತ್ತದೆ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲೂ ನೋಡಿದ್ದಾಯಿತು. ತಡ ಒಂದೇ ಸಮ ಇರುವುದಿಲ್ಲ, ಸದ್ದು ತುಂಡುತುಂಡಾಗಿ ಬರುತ್ತದೆ.

ಅಮೆರಿಕದಲ್ಲಿರುವ ಅಣ್ಣನ ಜೊತೆ ಹೀಗೆ ನುಡಿಸಬಹುದಾ ಅಂತ ಒಬ್ಬರು ಕೇಳಿದ್ದರು. ಆಗುವುದಿಲ್ಲ. ಎಷ್ಟು ಒಳ್ಳೆಯ ಲೈನ್ ಇದ್ದರೂ ಅಷ್ಟು ದೂರ ಹೋಗಿ ಬರುವುದಕ್ಕೆ ಸುಮಾರು 200 ಮಿಲಿಸೆಕೆಂಡ್ ಹಿಡಿಯುತ್ತದೆ. ಅಂಥವರು ಒಬ್ಬರು ಹಾಡಿ ರೆಕಾರ್ಡ್ ಮಾಡಿ ಕಳಿಸಿ, ಇನ್ನೊಬ್ಬರು ಅದರ ಮೇಲೆ ನುಡಿಸುವುದೇ ಒಳ್ಳೆಯದು.