ಒಂದೇ ಮೋಡೆಮ್, ಎರಡು ಕಂಪ್ಯೂಟರ್

ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಆಗ ಇದ್ದದ್ದು ಒಂದೇ ಫೋನ್ ಲೈನ್, ಆ ಲೈನಿನ ಮೇಲೆ ಇಂಟರ್ನೆಟ್ ತರುವ ಒಂದೇ 56ಕೆ ಮೋಡೆಮ್. ತಂಗಿಯ ಕಂಪ್ಯೂಟರಿಗೂ ಇಂಟರ್ನೆಟ್ ಬೇಕಿತ್ತು. ನನ್ನದರಲ್ಲಿ ವಿಂಡೋಸ್ 98 ಸೆಕೆಂಡ್ ಎಡಿಷನ್ ಇತ್ತು. ಅದರಲ್ಲೇ ಇದ್ದ, ಒಂದೇ ಸಂಪರ್ಕವನ್ನು ಹಂಚಿಕೊಡುವ ಇಂಟರ್ನೆಟ್ ಕನೆಕ್ಷನ್ ಶೇರಿಂಗ್ ಹಾಕಿದೆ, ನನ್ನ ಕಂಪ್ಯೂಟರಿನ ನೆಟ್‌ವರ್ಕ್ ವಿಳಾಸ 192.168.0.1 ಆಯಿತು. ತಂಗಿಯದಕ್ಕೆ ಮಾತ್ರ 169.254 ಅಂತ ಶುರುವಾಗುವ ವಿಳಾಸವೇ ಬರುತ್ತಿತ್ತು. ಯಾರೂ ವಿಳಾಸ ಕೊಡದಿದ್ದಾಗ ಕಂಪ್ಯೂಟರ್ ತಾನೇ ಇಟ್ಟುಕೊಳ್ಳುವ ವಿಳಾಸ ಅದು. ಅಂದರೆ ಎರಡೂ ಒಂದಕ್ಕೊಂದು ಮಾತೇ ಆಡುತ್ತಿಲ್ಲ.

ಎರಡು ದಿನ ಸುಮ್ನೆ ಸೆಟ್ಟಿಂಗ್ ಕೆದಕಿದೆ. ತಪ್ಪಿದ್ದದ್ದು ಎರಡನ್ನೂ ಜೋಡಿಸಿದ್ದ ನೆಟ್‌ವರ್ಕ್ ಕೇಬಲ್‌ನಲ್ಲಿ. ನಡುವೆ ಹಬ್ ಅನ್ನೋ ಜೋಡಿಸುವ ಪೆಟ್ಟಿಗೆ ಇಲ್ಲದೆ ಎರಡು ಕಂಪ್ಯೂಟರ್ ನೇರ ಜೋಡಿಸಲು ಆಗ ಕ್ರಾಸ್‌ಓವರ್ ಕೇಬಲ್, ಅಂದರೆ ಒಂದು ತುದಿಯಲ್ಲಿ ತಂತಿಗಳು ಅದಲುಬದಲಾದ ಕೇಬಲ್ ಬೇಕಿತ್ತು. ಒಂದು ಕಳಿಸುವ ತಂತಿ ಇನ್ನೊಂದು ಕೇಳಿಸಿಕೊಳ್ಳುವ ತಂತಿಗೆ, ಅಂದರೆ ಒಂದರ ಬಾಯಿ ಇನ್ನೊಂದರ ಕಿವಿಗೆ ಸೇರಬೇಕು, ಅಲ್ವಾ? ಒಂದು ತುದಿ ಕತ್ತರಿಸಿದೆ. 1ನೇ ತಂತಿಯನ್ನು 3ರ ಜೊತೆ, 2ನೆಯದನ್ನು 6ರ ಜೊತೆ ಅದಲುಬದಲು ಮಾಡಿ ಹೊಸ ಕನೆಕ್ಟರ್ ಒತ್ತಿದೆ. ಕೇಬಲ್ ಸಿಕ್ಕಿಸುವ ನೆಟ್‌ವರ್ಕ್ ಕಾರ್ಡಿನ ಹಸಿರು ದೀಪ ಹತ್ತಿದಾಗ ಆದ ಖುಷಿ ಇನ್ನೂ ನೆನಪಿದೆ. ತಂಗಿಯದನ್ನು ರೀಸ್ಟಾರ್ಟ್ ಮಾಡಿದೆ. ಆ ರಾತ್ರಿ ಇಬ್ಬರೂ ಒಟ್ಟಿಗೆ ಮೇಲ್ ನೋಡಿದೆವು.